ಟ್ಯಾಂಕ್ ಕೆಳಗೆ ಸತ್ತ ಗೂಬೆ, ಇಲಿ ಪಾಷಾಣ, ಭಾನುವಾರದ ಕೆಲಸ

ಹಸಿರು ಗೇಟ್ ಮನೆ, 3ನೇ ಕ್ರಾಸ್:
ಎಲ್ರಿಗೂ ನಮಸ್ಕಾರ. ಬೆಳಿಗ್ಗೆ ವಾಕಿಂಗ್ ಹೋದಾಗ ನೀರಿನ ಟ್ಯಾಂಕ್ ಕೆಳಗೆ ಗೂಬೆ ಸತ್ತು ಬಿದ್ದಿತ್ತು, ರಾತ್ರಿ ಹೊತ್ತು ಟ್ಯಾಂಕ್ ಮೇಲೆ ಕೂತು ಕಿರುಚ್ತಿತ್ತಲ್ಲ, ಬಿಳಿ ಮುಖದ್ದು, ಅದೇ. ಮೈಮೇಲೆ ಒಂದು ಗಾಯ ಇಲ್ಲ. ಹೋದ ವಾರ ಖಾಲಿ ಸೈಟಲ್ಲಿ ಇಲಿ ಪಾಷಾಣ ಇಟ್ವಲ್ಲ, ಅದ್ರಿಂದಾನೇ ಇರ್ಬೇಕು. ದುಡ್ಡು ಹಾಕಿದೋರಲ್ಲಿ ನಾನೂ ಒಬ್ಬ, ತುಂಬಾ ಸಂಕಟ ಆಗ್ತಿದೆ.

ಮೂಲೆ ಅಂಗಡಿ:
ಅಣ್ಣ ನಂಗೂ ಬೇಜಾರಾಯ್ತು, ಆದ್ರೆ ಇನ್ನೇನ್ ಮಾಡ್ಬೇಕಿತ್ತು. ಹೆಗ್ಗಣ ಕಾಂಪೌಂಡ್ ಬುಡ ಎಲ್ಲಾ ತೋಡಾಕವೆ, ಅಂಗಡೀಲಿ ಅಕ್ಕಿ ಮೂಟೆ ತೂತು, ಸ್ಕೂಟರ್ ವೈರ್ ಕಡಿದವೆ. ಅಷ್ಟೊಂದು ಇಲಿಗೆ ಒಂದು ಗೂಬೆ ಸಾಕಾಗ್ತಿತ್ತಾ?

ಬಯಾಲಜಿ ಮೇಡಂ, 1ನೇ ಕ್ರಾಸ್:
ಗೂಬೆ ಒಂದೋ ಎರಡೋ ಮಾತ್ರ ಇರೋದಕ್ಕೂ ಕಾರಣ ಇದೆ. ಯಾವ ಪ್ರಾಣಿ ತಿಂದ್ರೂ ಆ ಶಕ್ತಿ ಬಹುಪಾಲು ಉಸಿರಾಟ, ಓಡಾಟ, ಮೈ ಬಿಸಿಗೇ ಖರ್ಚಾಗೋಗುತ್ತೆ, ಅದನ್ನ ತಿನ್ನೋ ಮೇಲಿನ ಹಂತದ ಪ್ರಾಣಿಗೆ ದಾಟೋದು ಸುಮಾರು ನೂರಕ್ಕೆ 10 ಭಾಗ, ಇಲಿ ಥರ ಬಿಸಿ ರಕ್ತದವಲ್ಲಿ ಇನ್ನೂ ಕಮ್ಮಿ. 1942ರಲ್ಲಿ ಲಿಂಡೆಮನ್ ಅನ್ನೋ ಪರಿಸರ ವಿಜ್ಞಾನಿ ಅಮೆರಿಕದ ಒಂದು ಸಣ್ಣ ಕೆರೆ ಇಟ್ಕೊಂಡು ಈ ಲೆಕ್ಕ ತೋರಿಸಿದ್ರು. ಅಂದ್ರೆ ನೂರಾರು ಇಲಿ ಇರೋ ಜಾಗದಲ್ಲೂ ಮೇಲೆ ಕೂರೋ ಗೂಬೆ ಬೆರಳೆಣಿಕೆ ಅಷ್ಟೇ, ಅದೊಂದು ಹೋದ್ರೆ ಜಾಗ ಖಾಲಿ. ಇಲಿ ಹಾಗಲ್ಲ, ಬಸಿರು 3 ವಾರ, ಒಂದ್ಸಲಕ್ಕೆ 6-8 ಮರಿ. ನಾವು ಪಾಷಾಣ ಇಟ್ಟು ಉಳಿದಿದ್ದು ನಾಲ್ಕು ಇಲಿ ಅಂದ್ರೂ ದೀಪಾವಳಿ ಹೊತ್ತಿಗೆ ಮತ್ತೆ ಅಷ್ಟೇ ಆಗಿರ್ತವೆ, ಹಿಡಿಯಕ್ಕೆ ಗೂಬೆ ಇರಲ್ಲ.

ಇನ್ನೊಂದು ವಿಷಯ, ಈ ಕೇಕ್ ಥರ ಸಿಗೋದ್ರಲ್ಲಿ ಬ್ರೋಮಾಡಿಯೋಲೋನ್ ಇರುತ್ತೆ, ರಕ್ತ ಹೆಪ್ಪುಗಟ್ಟಕ್ಕೆ ಬಿಡಲ್ಲ. ತಿಂದ ಇಲಿ ಅವತ್ತೇ ಸಾಯಲ್ಲ, ಮೂರ್ನಾಲ್ಕು ದಿನ ತೂಗಾಡ್ಕೊಂಡು ಬಯಲಲ್ಲಿ ಓಡಾಡುತ್ತೆ, ಗೂಬೆಗೆ ಮೊದಲು ಸಿಗೋದೇ ಅಂಥದ್ದು, ಇಲಿ ಮೈಲಿರೋ ವಿಷ ಅದಕ್ಕೂ ಸೇರುತ್ತೆ.

ತಾತ, ಹಳೇ ಹೆಂಚಿನ ಮನೆ:
ಇದೆಲ್ಲ ರಾಗಿ ಹೊಲ ಆಗಿದ್ದಾಗ ಗೂಬೆ ಕೂರ್ಲಿ ಅಂತ ಕವಲು ಕೋಲು ನೆಡ್ತಿದ್ವಿ. ಬಣವೆ ಸಂದೀಲಿ ಕೇರೆ ಹಾವು ಇರೋದು, ಯಾರೂ ಮುಟ್ತಿರ್ಲಿಲ್ಲ. ಹೋದ ತಿಂಗಳು 2ನೇ ಕ್ರಾಸಲ್ಲಿ ಹೊಡೆದಾಕಿದ್ರಲ್ಲ ಅದು ನಾಗರ ಅಲ್ಲ ಕಣ್ರಪ್ಪ, ಕೇರೆ. ವಿಷಾನೇ ಇಲ್ಲ ಅದಕ್ಕೆ.

2ನೇ ಕ್ರಾಸ್, ಮಹಡಿ ಮನೆ:
ತಾತ ನಮ್ಮನೇಲಿ ಎರಡು ಚಿಕ್ಕ ಮಕ್ಕಳಿದಾವೆ, ಹಾವು ಅಂದ್ರೆ ಜೀವ ಹೋಗುತ್ತೆ ನಂಗೆ. ಇಲಿ ಜ್ವರದ್ದೂ ಭಯ ಇದೆ.

ಬಯಾಲಜಿ ಮೇಡಂ:
ಭಯ ಸಹಜ ಅಮ್ಮ. ಆದ್ರೆ ನಾಗರಹಾವು ಬರೋದೂ ಇಲಿ ಹಿಂದೇನೇ. ಮತ್ತೆ ಬಂದ್ರೆ ದೂರ ನಿಂತು ಹಾವು ಹಿಡಿಯೋರನ್ನ ಕರೆಯೋಣ. ಹಾವು ಕೊಲ್ಲೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧಾನೂ ಹೌದು.

ನಂಗೆ ಮುಖ್ಯ ಅನ್ಸೋದು ಇದು. ಆ ಸೈಟಲ್ಲಿ ಬೆಳೆಯೋ ಹುಲ್ಲು ಪಾರ್ಥೇನಿಯಂ ಅಷ್ಟೊಂದು ಇಲಿ ಸಾಕೋದಿಲ್ಲ. ಎಲ್ಲೋ ಹೊಲದ ಮೇಲೆ ಬಿದ್ದ ಬಿಸಿಲು ರಾಗಿ ಆಗಿ, ಭತ್ತ ಆಗಿ, ನಮ್ಮ ಅಡುಗೆಮನೆಗೆ ಬಂದು, ಮಿಕ್ಕಿದ ಮುದ್ದೆ ಅನ್ನ ಕವರ್ ಕಟ್ಟಿ ನಾವು ರಾತ್ರಿ ಅಲ್ಲಿ ಎಸೀತೀವಿ, ಅದೇ ಇಲಿ ಆಗೋದು. ಎಸೆಯೋದು ನಿಲ್ಲಿಸಿದ್ರೆ ಅಷ್ಟು ಇಲಿ ಇರಕ್ಕಾಗಲ್ಲ, ಇರೋ ಸ್ವಲ್ಪಕ್ಕೆ ಗೂಬೆ, ಕೇರೆ, ಮುಂಗುಸಿ ಸಾಕು.

ಮೂಲೆ ಅಂಗಡಿ:
ಸರಿ ಮೇಡಂ, ಹಾಗಾದ್ರೆ ಭಾನುವಾರ ಬೆಳಿಗ್ಗೆ 7ಕ್ಕೆ ಎಲ್ರೂ ಸೈಟ್ ಹತ್ರ ಬನ್ನಿ. ಉಳಿದಿರೋ ಪಾಷಾಣ ಇವತ್ತೇ ಎತ್ತಿಸ್ತೀನಿ. ಇಲಿ ಬೋನು ನಾಲ್ಕು ನಾನ್ ಕೊಡ್ತೀನಿ. ತಿಂಡಿ ಗಾಡಿಯವ್ರ ಹತ್ರಾನೂ ನಾನೇ ಮಾತಾಡ್ತೀನಿ, ಮಿಕ್ಕಿದ್ದು ಕಸದ ಆಟೋಗೇ ಹಾಕ್ಲಿ.

ಹಸಿರು ಗೇಟ್ ಮನೆ:
ಕೈಗೆ ಗ್ಲೌಸ್, ಕಾಲಿಗೆ ಶೂ ಕಡ್ಡಾಯ. ಸತ್ತ ಇಲಿ ಸಿಕ್ರೆ ಕಾಗೆ, ಬೆಕ್ಕು ತಿನ್ನದಂಗೆ ಆಳವಾಗಿ ಹೂಳ್ಬೇಕು, ಗುದ್ದಲಿ ನಾನು ತರ್ತೀನಿ.

2ನೇ ಕ್ರಾಸ್, ಮಹಡಿ ಮನೆ:
ನಾನೂ ಬರ್ತೀನಿ, ಎಲ್ರಿಗೂ ಉಪ್ಪಿಟ್ಟು ನಮ್ಮನೆಯಿಂದ.

ತಾತ:
ಸೈಟ್ ಓನರ್‌ಗೆ ಯಾರಾದ್ರೂ ಫೋನ್ ಮಾಡಿ, ಆ ಹುಣಸೆ ಮರ ಕಡಿಸೋದು ಬೇಡ ಅನ್ನಿ. ಅದರ ಪೊಟರೇಲಿ ಮರಿ ಸದ್ದು ಕೇಳ್ದಂಗಾಯ್ತು ನಂಗೆ ನೆನ್ನೆ ರಾತ್ರಿ.