ಋಣ ಸಂಖ್ಯೆಯಿಂದ ಭಾಗಿಸಿದಾಗ ಮಾತ್ರ ಅಸಮತೆಯ ಚಿಹ್ನೆ ಯಾಕೆ ತಿರುಗುತ್ತದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಲೆಕ್ಕ ಇದು:

7 − 2(ಎಕ್ಸ್ + 3) ≥ 4ಎಕ್ಸ್ − 11

ಆವರಣ ಬಿಡಿಸಿದರೆ 1 − 2ಎಕ್ಸ್ ≥ 4ಎಕ್ಸ್ − 11. ಎಕ್ಸ್ ಇರುವುದನ್ನೆಲ್ಲ ಎಡಕ್ಕೆ, ಉಳಿದದ್ದನ್ನು ಬಲಕ್ಕೆ ತಂದರೆ −6ಎಕ್ಸ್ ≥ −12. ಇಲ್ಲಿವರೆಗೆ ಸರಿ. ಈಗ −6 ರಿಂದ ಭಾಗಿಸುವಾಗ ಚಿಹ್ನೆ ತಿರುಗಿಸಿ, ಉತ್ತರ ಎಕ್ಸ್ ≤ 2 ಅಂತ ಎಲ್ಲರೂ ಹೇಳುತ್ತಾರೆ, ಯಾಕೆ ಅಂತ ಯಾರೂ ಹೇಳುವುದಿಲ್ಲ. 1 ಕಳೆದಾಗ ತಿರುಗಲಿಲ್ಲ, 4ಎಕ್ಸ್ ಕಳೆದಾಗಲೂ ತಿರುಗಲಿಲ್ಲ. ಭಾಗಿಸಿದಾಗ ಮಾತ್ರ ಯಾಕೆ? ಸುಮ್ನೆ ಬಾಯಿಪಾಠ ಮಾಡಲು ಮನಸ್ಸಿಲ್ಲ.

ಉತ್ತರ 1

ತುಂಬಾ ಒಳ್ಳೆಯ ಪ್ರಶ್ನೆ, ಇದನ್ನು ಕೇಳದೆ ಮುಂದೆ ಹೋಗುವವರೇ ಜಾಸ್ತಿ. ಸಂಖ್ಯಾರೇಖೆಯ ಮೇಲೆ 3 ಮತ್ತು 5 ಗುರುತು ಮಾಡಿ. ಎರಡರಿಂದಲೂ 10 ಕಳೆಯಿರಿ: −7, −5. ಎರಡೂ ಒಟ್ಟಿಗೆ ಎಡಕ್ಕೆ ಸರಿದವು ಅಷ್ಟೇ, ಯಾವುದು ಮುಂದೆ ಯಾವುದು ಹಿಂದೆ ಅನ್ನುವುದು ಬದಲಾಗಲಿಲ್ಲ. ಈಗ ಅದೇ 3 ಮತ್ತು 5 ಅನ್ನು −1 ರಿಂದ ಗುಣಿಸಿ: −3, −5. ಸೊನ್ನೆಯ ಆ ಕಡೆಗೆ ಹೋಗಿ ಬಿದ್ದವು, ದೂರದಲ್ಲಿದ್ದ 5 ಅಲ್ಲೂ ದೂರವೇ, ಹಾಗಾಗಿ ಅದೇ ಈಗ ಚಿಕ್ಕದು. ಕ್ರಮವೇ ಉಲ್ಟಾ ಆಯಿತಲ್ವಾ, ಅದಕ್ಕೇ ಚಿಹ್ನೆಯೂ ತಿರುಗಬೇಕು.

ನಿಮ್ಮ ಲೆಕ್ಕದಲ್ಲೇ ಇದನ್ನು ನೋಡಬಹುದು. −6ಎಕ್ಸ್ ≥ −12 ಇದೆಯಲ್ಲ, ಭಾಗಿಸಬೇಡಿ. ಎರಡೂ ಕಡೆ 6ಎಕ್ಸ್ ಕೂಡಿಸಿ, 12 ಕೂಡಿಸಿ: 12 ≥ 6ಎಕ್ಸ್. 6 ರಿಂದ ಭಾಗಿಸಿದರೆ 2 ≥ ಎಕ್ಸ್. ಚಿಹ್ನೆ ಮುಟ್ಟಲೇ ಇಲ್ಲ, ಆದರೂ ಉತ್ತರ ಅದೇ.

ಉತ್ತರ 2

ಮೇಲಿನ ಉತ್ತರ ಸರಿಯಾಗಿದೆ. ಒಂದು ಮಾತು ಸೇರಿಸುತ್ತೇನೆ: ಎಲ್ಲೋ ಋಣ ಚಿಹ್ನೆ ಕಂಡಿತು ಅಂತ ತಿರುಗಿಸಬೇಡಿ. 6ಎಕ್ಸ್ ≥ −12 ಆಗಿದ್ದರೆ ಭಾಗಿಸುವುದು +6 ರಿಂದ, ಆಗ ಎಕ್ಸ್ ≥ −2 ಅಷ್ಟೇ. ಯಾವುದರಿಂದ ಭಾಗಿಸುತ್ತಿದ್ದೀರಿ ಅನ್ನುವುದೊಂದೇ ಮುಖ್ಯ. ಎಕ್ಸ್‌ನಿಂದಲೇ ಭಾಗಿಸಲು ಹೋಗಬೇಡಿ, ಅದು ಧನವೋ ಋಣವೋ ಸೊನ್ನೆಯೋ ಗೊತ್ತಿರುವುದಿಲ್ಲ.

ಉತ್ತರ ಬಂದ ಮೇಲೆ ಮೊದಲಿನ ಅಸಮತೆಯಲ್ಲೇ ಹಾಕಿ ನೋಡಿ. ಎಕ್ಸ್ = 0 ಆದರೆ 1 ≥ −11, ನಿಜ. ಎಕ್ಸ್ = 3 ಆದರೆ −5 ≥ 1, ಸುಳ್ಳು. ಎಕ್ಸ್ = 2 ಆದರೆ ಎರಡೂ ಕಡೆ −3, ಅಂದರೆ ಗಡಿ ಅಲ್ಲೇ, ಸಂಖ್ಯಾರೇಖೆಯಲ್ಲಿ 2 ರ ಮೇಲೆ ತುಂಬಿದ ಚುಕ್ಕಿ.

ಪ್ರಶ್ನೆ ಕೇಳಿದವರು

ಆ 12 ≥ 6ಎಕ್ಸ್ ನೋಡಿದ ಮೇಲೆ ಪೂರ್ತಿ ಅರ್ಥವಾಯಿತು, ಇಬ್ಬರಿಗೂ ಥ್ಯಾಂಕ್ಸ್. ಇನ್ನೊಂದು: −5 < 1 − 2ಎಕ್ಸ್ ≤ 9 ಥರದ್ದರಲ್ಲಿ ಎರಡೂ ಚಿಹ್ನೆ ತಿರುಗಬೇಕಾ? ಮತ್ತೆ 3(ಎಕ್ಸ್ − 1) > 3ಎಕ್ಸ್ + 2 ಬಿಡಿಸಿದರೆ ಎಕ್ಸ್ ಮಾಯವಾಗಿ −3 > 2 ಉಳಿಯುತ್ತದೆ!

ಉತ್ತರ 1

ಹೌದು, ಎರಡೂ. ಮೂರೂ ಭಾಗದಿಂದ 1 ಕಳೆಯಿರಿ: −6 < −2ಎಕ್ಸ್ ≤ 8. −2 ರಿಂದ ಭಾಗಿಸಿದರೆ 3 > ಎಕ್ಸ್ ≥ −4. ಓದಲು ಸುಲಭವಾಗಲಿ ಅಂತ −4 ≤ ಎಕ್ಸ್ < 3 ಅಂತ ಬರೆಯಿರಿ. ಬರೆಯುವಾಗ ಸಮ ಗೆರೆ −4 ರ ಪಕ್ಕದಲ್ಲೇ ಉಳಿಯಬೇಕು, ಅವಸರದಲ್ಲಿ 3 ರ ಕಡೆಗೆ ಹೋಗಿಬಿಡುತ್ತದೆ.

ಎರಡನೆಯದಕ್ಕೆ ಪರಿಹಾರವೇ ಇಲ್ಲ, ಯಾಕೆಂದರೆ ಎಕ್ಸ್ ಏನೇ ಆದರೂ −3 > 2 ಸುಳ್ಳೇ. ಅದೇ 3(ಎಕ್ಸ್ + 1) > 3ಎಕ್ಸ್ + 2 ಆಗಿದ್ದರೆ 3 > 2 ಉಳಿಯುತ್ತಿತ್ತು, ಆಗ ಎಲ್ಲ ಸಂಖ್ಯೆಗಳೂ ಉತ್ತರ.