ಉರುಸು ಬಂದರೆ ಹುಡುಗರ ಮೇಲೆ ಪಿಎಆರ್, ಕುರಿ ಕಳುವಾದರೆ ಹಿಂಬರಹ: ಎರಡನ್ನೂ ಒಂದೇ ಮನವಿಯಲ್ಲಿ ಕೇಳಬಹುದೇ?

ಡೋಣಿ_ಸಾಲು:
ವಿಜಯಪುರ ಕಡೆಯ ಒಂದು ಬಡಾವಣೆಯ ವಿಷಯ. ಕೊರಮ, ಛಪ್ಪರಬಂದ, ಲಂಬಾಣಿ ಮನೆಗಳು ಅಕ್ಕಪಕ್ಕ ಇವೆ. ಗಣಪತಿ, ಉರುಸು, ಚುನಾವಣೆ ಯಾವುದು ಹತ್ತಿರ ಬಂದರೂ ಅದೇ ಹತ್ತಿಪ್ಪತ್ತು ಹುಡುಗರ ಮೇಲೆ ಮುಂಜಾಗ್ರತಾ ಕೇಸು (ಪಿಎಆರ್). ಅದೇ ಓಣಿಯಲ್ಲಿ ಕುರಿ, ಮೊಬೈಲ್ ಕಳುವಾದರೆ, ಕಿರಾಣಿ ಅಂಗಡಿಯಲ್ಲಿ ಸಾರಾಯಿ ಪಾಕೀಟು ಮಾರಿದರೆ ದೂರು ದಾಖಲಾಗುವುದಿಲ್ಲ. ಗಸ್ತು ಹೆಚ್ಚಿಸಿ, ಸುಳ್ಳು ಕೇಸು ನಿಲ್ಲಿಸಿ ಎಂದು ನಿವಾಸಿಗಳು ಬರೆದ ಮನವಿಗೆ ಬಂದ ಉತ್ತರ: "ಪೊಲೀಸರು ಬೇಕೋ ಬೇಡವೋ, ಮೊದಲು ನೀವೇ ತೀರ್ಮಾನ ಮಾಡ್ರಿ." ಇವೆರಡು ಬೇಡಿಕೆ ನಿಜಕ್ಕೂ ಒಂದಕ್ಕೊಂದು ಎದುರೇ? ಕಾಯ್ದೆ ಮತ್ತು ಠಾಣೆಯ ಒಳಗು ಎರಡೂ ತಿಳಿದವರು ಹೇಳಿ.

ಬಂದೋಬಸ್ತ್:
ಎದುರಲ್ರಿ, ಎರಡೂ ಒಂದೇ ಕಾರಣದಿಂದ ಹುಟ್ಟತಾವ. ಹಬ್ಬ ಬಂತಂದ್ರ ಮ್ಯಾಲಿಂದ ದಿನಾ ಒಂದ ಪ್ರಶ್ನೆ: ಎಷ್ಟು ಪಿಎಆರ್ ಆದ್ವು? ಹಳೇ ರಜಿಸ್ಟರ್ ತೆಗೆದು ಹೆಸರು ಬರಕೊಂಡ್ರ ಮಧ್ಯಾಹ್ನದೊಳಗ ಅಂಕಿ ತುಂಬತದ. ಒಂದು ಮನೆಗಳವು ಅಂದ್ರ ಸ್ಥಳ ಪಂಚನಾಮೆ, ಬೆರಳಚ್ಚು, ಕಾಲ್ ರೆಕಾರ್ಡ್, ಬಂಗಾರ ಅಡವಿಟ್ಟ ಅಂಗಡಿ ಹುಡುಕೂದು, ಆಮ್ಯಾಲೆ ಚಾರ್ಜ್‌ಶೀಟ್. ತಿಂಗಳುಗಟ್ಟಲೆ ಕೆಲಸ. ಪತ್ತೆ ಆಗಲಿಲ್ಲಂದ್ರ ‘ಸಿ’ ರಿಪೋರ್ಟ್ (ಆರೋಪಿ ಸಿಗಲಿಲ್ಲ ಅಂತ ಕೇಸು ಮುಚ್ಚೂ ವರದಿ) ಹಾಕಬೇಕು, ಅಪರಾಧದ ಅಂಕಿನೂ ಏರತದ, ಮಾಸಿಕ ಸಭೆಯೊಳಗ ಬೈಸಿಕೊಳ್ಳೂದು ಪಿಎಸ್‌ಐ. ಹಿಂಗಾಗಿ ಸೋವಿ ಕೆಲಸ ಹೆಚ್ಚು, ತುಟ್ಟಿ ಕೆಲಸ ಕಡಿಮಿ. ಮಂದಿ ಕಡಿಮಿ ಅದಾರ ಅನ್ನೂದು ಖರೆ, ಖರೆ ಅಂದ್ರೂ ಅದೊಂದ ಕಾರಣ ಅಲ್ಲ.

ಈ ಹೆಸರಿನ ಪಟ್ಟಿಗೆ ಬೇರು ಆಳಕ್ಕೈತಿ. 1871ರ ಅಪರಾಧಿ ಬುಡಕಟ್ಟು ಕಾಯ್ದೆ, ಆಮೇಲೆ ಬಿಜಾಪುರ, ಬಾಗಲಕೋಟೆ, ಗದಗ, ಹುಬ್ಬಳ್ಳಿಯೊಳಗ ತಂತಿಬೇಲಿ ಸೆಟ್ಲಮೆಂಟು, ದಿನಾ ಹಾಜರಿ. ಆ ಕಾಯ್ದೆ 1952ರ ಆಗಸ್ಟ್ 31ಕ್ಕ ಹೋತು. ಮಂದಿ ನೋಡಿ ಅನುಮಾನ ಪಡೂ ರೂಢಿ ಹೋಗಲಿಲ್ಲ.

ಕಲಂ_ಓದುಗ:
ಮುಂಜಾಗ್ರತಾ ಕೇಸಿನ ಬಗ್ಗೆ ಮಾತ್ರ ಬರೆಯುತ್ತೇನೆ, ಹುಡುಗರು ಸಿಕ್ಕಿಬೀಳುವುದೇ ಇಲ್ಲಿ.

ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 126 (ಹಳೆಯ 107) ಶಾಂತಿಭಂಗದ ಭಯಕ್ಕೆ, ಬಾಂಡ್ ಗರಿಷ್ಠ ಒಂದು ವರ್ಷ. ಕಲಂ 129 (ಹಳೆಯ 110) ರೂಢಿಗತ ಅಪರಾಧಿಗೆ, ಗರಿಷ್ಠ ಮೂರು ವರ್ಷ. ಕಲಂ 130ರ ಪ್ರಕಾರ ಬಂದ ಮಾಹಿತಿಯ ಸಾರ, ಬಾಂಡ್ ಮೊತ್ತ, ಅವಧಿ, ಜಾಮೀನುದಾರರ ಸಂಖ್ಯೆ ಇಷ್ಟೂ ಲಿಖಿತ ಆದೇಶದಲ್ಲಿರಬೇಕು. ಹೆಸರು, ದಿನಾಂಕ ಮಾತ್ರ ಬದಲಾದ ಅಚ್ಚಿನ ಫಾರ್ಮ್ ಬಂದರೆ ಅಲ್ಲೇ ಲಿಖಿತ ಆಕ್ಷೇಪಣೆ ಕೊಡಿ. ವಿಚಾರಣೆ ಆರು ತಿಂಗಳಲ್ಲಿ ಮುಗಿಯದಿದ್ದರೆ, ವಿಶೇಷ ಕಾರಣ ಬರೆದು ಮುಂದುವರಿಸದ ಹೊರತು, ಪ್ರಕರಣ ತಾನಾಗಿ ಕೊನೆಯಾಗುತ್ತದೆ (ಕಲಂ 135). ಇದನ್ನು ಕೇಳುವವರೇ ಇಲ್ಲ, ಏಕೆಂದರೆ ಹುಡುಗರು ಮೊದಲ ದಿನವೇ ಓದದೆ ಸಹಿ ಮಾಡಿ ಮನೆಗೆ ಹೋಗಿರುತ್ತಾರೆ. ಸಹಿ ಮಾಡಿದ ಬಾಂಡ್ ಮುರಿದರೆ ಉಳಿದ ಅವಧಿಗೆ ಜೈಲು. ಸಾಲದ್ದಕ್ಕೆ ಮುಂದೆ ರೌಡಿ ಶೀಟ್ ತೆರೆಯುವಾಗ ಇದೂ "ಹಿಂದಿನ ಪ್ರಕರಣ" ಎಂದು ಎಣಿಕೆಗೆ ಬರುತ್ತದೆ. ಪರಿಶಿಷ್ಟರಿಗೆ, ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಮೊದಲ ದಿನವೇ ವಕಾಲತ್ತು ಹಾಕಿಸಿ.

ಒಂದು ವ್ಯತ್ಯಾಸ ಗಮನಿಸಿ. ವಿಜಯಪುರ, ಬಾಗಲಕೋಟೆಯಲ್ಲಿ ಈ ವಿಚಾರಣೆ ತಹಶೀಲ್ದಾರರ ಮುಂದೆ. ಬೆಳಗಾವಿ ನಗರದಲ್ಲಿ ಕಮಿಷನರೇಟ್ ಇರುವುದರಿಂದ ಕೇಳುವವರೂ ಪೊಲೀಸ್ ಅಧಿಕಾರಿಯೇ. ನಿಮ್ಮಲ್ಲಿ ತಹಶೀಲ್ದಾರರು ಇರುವುದು ಅನುಕೂಲ, ಬಳಸಿಕೊಳ್ಳಿ.

ಶೀಟುಗಳ ಬಗ್ಗೆ: ಹಿಂದುಳಿದವರು, ಪರಿಶಿಷ್ಟರ ಹೆಸರು ಪೂರ್ವಗ್ರಹದಿಂದ ಇಂಥ ಪಟ್ಟಿ ಸೇರಬಾರದೆಂದು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ಅಮಾನತುಲ್ಲಾ ಖಾನ್ ಪ್ರಕರಣದಲ್ಲಿ ಎಚ್ಚರಿಸಿತು, ಅದು ಠಾಣೆಯ ಒಳದಾಖಲೆ, ಜನರ ಮುಂದೆ ಇಡುವಂಥದ್ದಲ್ಲ ಎಂದಿತು. ಅದೇ ವರ್ಷ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ವಿಮುಕ್ತ ಬುಡಕಟ್ಟುಗಳನ್ನು (ಹಳೆಯ ಅಪರಾಧಿ ಬುಡಕಟ್ಟು ಪಟ್ಟಿಯಿಂದ ಬಿಡುಗಡೆಯಾದವರನ್ನು) ಮನಬಂದಂತೆ ಬಂಧಿಸದಂತೆ ಆ ತೀರ್ಪನ್ನೂ, ಅನಗತ್ಯ ಬಂಧನ ತಡೆಯುವ ಅರ್ನೇಶ್ ಕುಮಾರ್ ತೀರ್ಪನ್ನೂ ಪಾಲಿಸಲು ಪೊಲೀಸರಿಗೆ ನಿರ್ದೇಶಿಸಿತು. ಮನವಿಯ ಮೊದಲ ಪುಟದಲ್ಲೇ ಈ ದಿನಾಂಕ ಬರೆಯಿರಿ. ಬಾಯಿಮಾತಿನ "ಠಾಣೆಗೆ ಬಾ" ಕೂಡ ಸಾಲದು. ಹಾಜರಾಗಲು ಕರೆಯುವ ಕಲಂ 35(3)ರ ನೋಟಿಸು ಕಾಗದದಲ್ಲೇ ಬರಬೇಕು.

ಘಟಪ್ರಭಾ_ದಂಡಿ:
ಇನ್ನೊಂದು ಬದಿ, ಅಂದರೆ ದೂರು ದಾಖಲಾಗದ ಬದಿ. ಇಲ್ಲಿ ದೂರು ಬರೆಯುವ ರೀತಿಯಲ್ಲೇ ಅರ್ಧ ಸೋಲು.

ಹೊಸ ಕಾನೂನಿನಲ್ಲಿ ₹5,000ಕ್ಕಿಂತ ಕಡಿಮೆ ಬೆಲೆಯ ವಸ್ತುವಿನ ಸಾದಾ ಕಳವು ಅಸಂಜ್ಞೇಯ (ಎನ್‌ಸಿ), ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಬೆಲೆ ಬರೆಯದಿದ್ದರೆ ಎನ್‌ಸಿ ಹಿಂಬರಹ (ಎಫ್‌ಐಆರ್ ಮಾಡದೆ ಕೊಡುವ ಲಿಖಿತ ಉತ್ತರ) ಕೊಟ್ಟು ಕಳಿಸುವುದು ಸುಲಭ. ಕುರಿಯ ತಳಿ, ವಯಸ್ಸು, ಈ ವಾರದ ಸಂತೆ ಬೆಲೆ, ಮೊಬೈಲ್ ಆದರೆ ಬಿಲ್ಲು, ಐಎಂಇಐ ಬರೆಯಿರಿ. ಮನೆಯೊಳಗಿಂದ ಹೋಗಿದ್ದರೆ "ವಾಸದ ಮನೆಯಿಂದ" ಎಂದು ಬರೆಯಲೇಬೇಕು: ಅದು ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಕಲಂ 305, ಏಳು ವರ್ಷದವರೆಗೆ ಶಿಕ್ಷೆ. ಎಫ್‌ಐಆರ್‌ಗೂ ಮೊದಲಿನ 14 ದಿನದ ಪ್ರಾಥಮಿಕ ವಿಚಾರಣೆ ಇರುವುದು ಮೂರು ವರ್ಷದಿಂದ ಏಳು ವರ್ಷದ ಒಳಗಿನ ಅಪರಾಧಗಳಿಗೆ ಮಾತ್ರ, ಅದೂ ಡಿವೈಎಸ್‌ಪಿ ಅನುಮತಿ ಪಡೆದು. 305ಕ್ಕೆ ಆ ನೆಪ ನಡೆಯದು. ಮೊಬೈಲ್ ಕಳುವನ್ನು ಆ್ಯಪಿನಲ್ಲಿ "ಕಳೆದುಹೋಗಿದೆ" ಎಂದು ಹಾಕಿಸಿಕೊಳ್ಳುವವರಿಗೆ ಒಪ್ಪಬೇಡಿ.

ದೂರಿನ ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿ. ಎಫ್‌ಐಆರ್ ಆಗದಿದ್ದರೆ ಎಸ್‌ಪಿಯವರಿಗೆ ರಿಜಿಸ್ಟರ್ಡ್ ಅಂಚೆ, ನಂತರ ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಮ್ಯಾಜಿಸ್ಟ್ರೇಟರ ಮುಂದೆ. ಅಂಚೆ ರಸೀದಿ ಇಲ್ಲದೆ ಕೋರ್ಟಿಗೆ ಹೋದರೆ ವಾಪಸ್ ಕಳಿಸುತ್ತಾರೆ.

ಜಾತಿ ದೌರ್ಜನ್ಯ ಬೇರೆ ದಾರಿ. ಎಫ್‌ಐಆರ್‌ಗೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ (ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಕಲಂ 18ಎ), ತನಿಖೆ ಡಿವೈಎಸ್‌ಪಿ ದರ್ಜೆಯವರಿಂದ, 60 ದಿನದಲ್ಲಿ ಚಾರ್ಜ್‌ಶೀಟ್, ಕರ್ತವ್ಯ ಬಿಟ್ಟ ಅಧಿಕಾರಿಗೆ ಕಲಂ 4ರಡಿ ಆರು ತಿಂಗಳಿಂದ ಒಂದು ವರ್ಷ. ಆದರೆ ಕೊರಮ, ಲಂಬಾಣಿಗಳು ರಾಜ್ಯದಲ್ಲಿ ಪರಿಶಿಷ್ಟ ಜಾತಿ, ಛಪ್ಪರಬಂದರು ಹಿಂದುಳಿದ ವರ್ಗದ ಪ್ರವರ್ಗ 1, ಆ ಕಾಯ್ದೆ ಅವರಿಗೆ ಅನ್ವಯಿಸದು. ಒಂದೇ ಗೋಡೆಯ ಆಚೆ ಈಚೆ ಎರಡು ಕಾನೂನು. ಜಂಟಿ ದೂರು ಬರೆದರೆ ಇಲ್ಲೇ ಎಡವುತ್ತದೆ, ಪ್ರತ್ಯೇಕ ಬರೆಯಿರಿ.

ಕೃಷ್ಣೆಯ_ಆಚೆ:
ಇಷ್ಟೆಲ್ಲ ಯಾಕ್ರಿ? ಕಳ್ಳರನ್ನ ಬಚ್ಚಿಡೂ ಓಣಿಗೆ ಸಾಮೂಹಿಕ ದಂಡ ಹಾಕಿದ್ರ ತಾವ ಹಿಡಿದು ಕೊಡ್ತಾರ.

ಘಟಪ್ರಭಾ_ದಂಡಿ:
2023ರ ಡಿಸೆಂಬರಿನಲ್ಲಿ ಬೆಳಗಾವಿ ತಾಲ್ಲೂಕಿನ ಹೊಸ ವಂಟಮೂರಿಯಲ್ಲಿ ಮಹಿಳೆಯೊಬ್ಬರ ಮೇಲೆ ನಡೆದ ದೌರ್ಜನ್ಯವನ್ನು ಹೈಕೋರ್ಟ್ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಾಗ, ನಿಂತು ನೋಡಿದ ಊರಿಗೇ ದಂಡ ಹಾಕುವ ಮಾತು ಬಂದಿತ್ತು. ದೌರ್ಜನ್ಯ ತಡೆ ಕಾಯ್ದೆಯ ಕಲಂ 16ರಲ್ಲೂ ಸಾಮೂಹಿಕ ದಂಡ ಇದೆ. ಆದರೆ ಎರಡೂ ಬಲಹೀನರ ಮೇಲೆ ಕೈ ಮಾಡಿದವರ, ಸುಮ್ಮನೆ ನೋಡಿದವರ ವಿರುದ್ಧ ಎದ್ದ ಮಾತು. ನೀವು ಹೇಳುವುದು ದೂರು ಕೊಡಲು ಹೋಗಿ ವಾಪಸಾದ ಓಣಿಗೇ ದಂಡ. ಸಾಕ್ಷಿ ಹೇಳಲು ಬಂದವನ ತಮ್ಮನ ಮೇಲೆ ಮುಂದಿನ ಹಬ್ಬಕ್ಕೆ ಪಿಎಆರ್ ಆದರೆ ಯಾರು ಬರುತ್ತಾರೆ? ಸಾಕ್ಷಿಯಿಲ್ಲದೆ ಕೇಸು ಬೀಳುತ್ತದೆ, "ಇವರು ಸಹಕರಿಸುವುದಿಲ್ಲ" ಎಂದು ಠಾಣೆ ಬರೆದುಕೊಳ್ಳುತ್ತದೆ, 112ಕ್ಕೆ ಕರೆ ನಿಲ್ಲುತ್ತದೆ, ಜಗಳ ಬಗೆಹರಿಸಲು ಬಡ್ಡಿ ವ್ಯವಹಾರದ ದಾದಾ ಬರುತ್ತಾನೆ. ಹುಡುಗರು ಗೋವಾ, ಪುಣೆ ಕಡೆ ಗುಳೆ ಹೋಗುತ್ತಾರೆ, ಅಲ್ಲಿ ಸೆಕ್ಯುರಿಟಿ ಕೆಲಸಕ್ಕೂ ಪೊಲೀಸ್ ಪರಿಶೀಲನೆ ಕೇಳುತ್ತಾರೆ. ಲಂಡನ್ನಿನ ಸ್ಟೀಫನ್ ಲಾರೆನ್ಸ್ ಕೊಲೆಯ ತನಿಖಾ ವರದಿ 1999ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಕಾವಲು ಅತಿ, ರಕ್ಷಣೆ ಕಡಿಮೆ.

ಬಂದೋಬಸ್ತ್:
ಮನವಿ ಬಿಟ್ಟು ಮೊದಲು ಅಂಕಿ ತೆಗೀರಿ. ಎಸ್‌ಪಿ ಕಚೇರಿ ಮಾಹಿತಿ ಅಧಿಕಾರಿಗೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಮಾಹಿತಿ ಹಕ್ಕಿನ ಅರ್ಜಿ. ನಮ್ಮ ರಾಜ್ಯದ ನಿಯಮದಾಗ ಒಂದು ಅರ್ಜಿಗೆ ಒಂದ ವಿಷಯ, 150 ಪದದೊಳಗ. ಹಂಗಾಗಿ ಎರಡು ಅರ್ಜಿ ಮಾಡ್ರಿ. ಒಂದರಾಗ ಮೂರು ವರ್ಷದ, ತಿಂಗಳವಾರು, ಆ ಬೀಟಿನ (ಒಬ್ಬ ಪೊಲೀಸನ ಗಸ್ತಿನ ಭಾಗದ) ಕಲಂ 126, 129ರ ಪ್ರಕರಣ ಎಷ್ಟು, ಆರು ತಿಂಗಳ ಮೀರಿದ್ದು ಎಷ್ಟು. ಇನ್ನೊಂದರಾಗ ಅದ ಬೀಟಿನಿಂದ ಬಂದ ದೂರು, ಎಫ್‌ಐಆರ್, ಎನ್‌ಸಿ, ‘ಸಿ’ ರಿಪೋರ್ಟ್ ಎಷ್ಟು. ಯಾರ ಹೆಸರೂ ಕೇಳಬ್ಯಾಡ್ರಿ, ಹೆಸರು ಕೇಳಿದ್ರ ಖಾಸಗಿ ಮಾಹಿತಿ ಅಂತ ತಿರಸ್ಕಾರ ಮಾಡಾಕ ದಾರಿ ಆಕೈತಿ. ಎರಡೂ ಹಾಳಿ ಬಾಜೂಕ ಬಾಜೂಕ ಇಟ್ಟು ಬೀಟ್ ಸಭೆಗೆ ಒಯ್ರಿ, ಆ ಸಭೆಗೆ ಬರೀ ಲೀಡರ್ ಮಂದಿ ಕುಂಡ್ರತಾರ, ಪಟ್ಟಿಯೊಳಗ ಹೆಸರಿದ್ದವರ ತಾಯಂದಿರನ್ನೂ ಸದಸ್ಯರು ಮಾಡ್ರಿ ಅಂತ ಬರದ ಕೊಡ್ರಿ.

ಡೋಣಿ_ಸಾಲು:
ಎರಡೂ ಅರ್ಜಿಯ ಕರಡು ನಾಳೆ ಇಲ್ಲೇ ಹಾಕುತ್ತೇನೆ. "ಬೀಟ್" ಎಂದಷ್ಟೇ ಬರೆದರೆ ಸಾಕೋ, ಬೀಟ್ ಸಂಖ್ಯೆ ಬೇಕೋ?

ಬಂದೋಬಸ್ತ್:
ಸಂಖ್ಯೆ ಬೇಕ್ರಿ. ಠಾಣೆಯೊಳಗ ಕೇಳಿ ಬರಕೋರಿ, ಇಲ್ಲಂದ್ರ ಬೀಟ್ ಪೊಲೀಸನ್ನ ಕೇಳಿದ್ರ ಹೇಳತಾನ.