ಜೊತೆಯವನ ಕಂಪನಿಗೆ ಫಂಡಿಂಗ್ ಬಂತು, ನನಗೆ ನಿದ್ದೆ ಬರುತ್ತಿಲ್ಲ. ಬಿಟ್ಟು ಹೋದವರು, ಉಳಿದವರು ಅನುಭವ ಹೇಳಿ

ಪ್ರಶ್ನೆ ಕೇಳಿದವರು: ಅರ್ಧಮನಸ್ಸು

ಆರು ವರ್ಷದಿಂದ ಒಂದೇ ಕಂಪನಿಯಲ್ಲಿ ಬ್ಯಾಕೆಂಡ್ ಕೆಲಸ ಮಾಡುತ್ತಿದ್ದೇನೆ. ಪಕ್ಕದ ಕುರ್ಚಿಯಲ್ಲಿ ಕೂತು ನನ್ನ ಹತ್ತಿರ ಕೋಡ್ ತೋರಿಸಿ ತಿದ್ದಿಸಿಕೊಳ್ಳುತ್ತಿದ್ದ ಗೆಳೆಯ ಎರಡು ವರ್ಷದ ಹಿಂದೆ ಸ್ವಂತ ಸ್ಟಾರ್ಟಪ್ ಶುರು ಮಾಡಿದ. ಹೋದ ವಾರ ಅವರ ಸೀರೀಸ್ ಎ, ಅಂದರೆ ಮೊದಲ ದೊಡ್ಡ ಸುತ್ತಿನ ಹೂಡಿಕೆ, ಸುದ್ದಿ ಬಂತು. ಎಲ್ಲಿ ನೋಡಿದರೂ ಅವನದೇ ಫೋಟೋ. ಈಗ ನನ್ನನ್ನೂ ಕರೆಯುತ್ತಿದ್ದಾನೆ. ಸಂಬಳ ಶೇ. 35 ಕಡಿಮೆ, ಜೊತೆಗೆ ಶೇ. 0.4 ಆಪ್ಷನ್ಸ್ (ಕಂಪನಿಯ ಷೇರನ್ನು ಮೊದಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಹಕ್ಕು). ಹೋಗಬೇಕು ಅನ್ನಿಸುತ್ತಿರುವುದು ಕೆಲಸದ ಆಸೆಗೋ, ಹೊಟ್ಟೆಕಿಚ್ಚಿಗೋ ನನಗೇ ತಿಳಿಯುತ್ತಿಲ್ಲ.

ನೀಲಿಶಾಯಿ

ನನಗೂ ಇಷ್ಟೇ ಕೊಟ್ಟಿದ್ದರು, 0.4. ಅದು ಏನಾಯಿತು ಅಂತ ಹೇಳುತ್ತೇನೆ, ಪೂರ್ತಿ ಓದಿ.

ನಾಲ್ಕು ವರ್ಷದ ವೆಸ್ಟಿಂಗ್, ಅಂದರೆ ಪಾಲು ತಿಂಗಳು ತಿಂಗಳಾಗಿ ನಾಲ್ಕು ವರ್ಷದಲ್ಲಿ ನಮ್ಮದಾಗುವುದು. 26ನೇ ತಿಂಗಳಿಗೆ ಬೆನ್ನು ಕೈಕೊಟ್ಟಿತು, ಬಿಟ್ಟೆ. ನನ್ನದಾಗಿದ್ದು 48ರಲ್ಲಿ 26 ಭಾಗ, ಅಂದರೆ 0.217. ನಡುವೆ ಇನ್ನೊಂದು ರೌಂಡ್ ಹೂಡಿಕೆ ಬಂದು, ಹೊಸ ಷೇರು ಸೇರಿ ಎಲ್ಲರ ಪಾಲಿನಲ್ಲೂ ಐದನೇ ಒಂದು ಭಾಗ ಕರಗಿತ್ತು. ಉಳಿದದ್ದು 0.173. ಬಿಟ್ಟ ದಿನದಿಂದ 90 ದಿನದೊಳಗೆ ದುಡ್ಡು ಕಟ್ಟಿ ಷೇರು ತಗೋಬೇಕು, ಇಲ್ಲದಿದ್ದರೆ ಎಲ್ಲ ಹೋಯಿತು. 84ನೇ ದಿನ ಕಟ್ಟಿದೆ. ಹದಿನಾಲ್ಕು ತಿಂಗಳ ಉಳಿತಾಯ ಅದು. ತೆರಿಗೆ ಬೇರೆ.

ಒಂದೂವರೆ ವರ್ಷದ ನಂತರ ಕಂಪನಿ ಮಾರಾಟ ಆಯಿತು. ‘ಭರ್ಜರಿ ಎಕ್ಸಿಟ್’ ಅಂತ ಸುದ್ದಿ. ಹೂಡಿಕೆದಾರರಿಂದ ಎತ್ತಿದ್ದು 2.2 ಕೋಟಿ ಡಾಲರ್, ಮಾರಿದ್ದು 1.8 ಕೋಟಿಗೆ. ಲಿಕ್ವಿಡೇಶನ್ ಪ್ರಿಫರೆನ್ಸ್ (ಮಾರಿದಾಗ ತಮ್ಮ ದುಡ್ಡು ಮೊದಲು ವಾಪಸ್ ಪಡೆಯುವ ಹಕ್ಕು) ಇದ್ದ ಹೂಡಿಕೆದಾರರು ಮೊದಲು ತಗೊಂಡರು. ಅಲ್ಲಿಗೇ ಮುಗಿಯಿತು. ಮೇಲ್‌ನಲ್ಲಿ ಬಂದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 0.00 ಅಂತ ಇತ್ತು. ಅದೇ ವಾರ ಹಳೇ ಗೆಳೆಯರು ಒಬ್ಬೊಬ್ಬರಾಗಿ ಫೋನ್ ಮಾಡಿ ‘ನೀನು ಸೆಟಲ್ ಆದೆ ಬಿಡು’ ಅಂದರು. ಅವರ ದನಿಯಲ್ಲಿದ್ದ ಉರಿ ನನಗೆ ಕೇಳಿಸುತ್ತಿತ್ತು. ಏನೂ ಸಿಗಲಿಲ್ಲ ಅಂತ ಹೇಳಲು ಬಾಯಿ ಬರಲಿಲ್ಲ.

ಒಂಟಿಸಲಗ

ಷರತ್ತು ಓದದೆ ಸಹಿ ಹಾಕಿದರೆ ಹೀಗೇ ಆಗುವುದು. ನಾನು ಯಾರ ದುಡ್ಡೂ ಮುಟ್ಟದೆ ಏಳು ವರ್ಷದಿಂದ ಒಬ್ಬನೇ ಬಿಲ್ಲಿಂಗ್ ಸಾಫ್ಟ್‌ವೇರ್ ನಡೆಸುತ್ತಿದ್ದೇನೆ. ಮೊದಲ ವರ್ಷ 11 ಗ್ರಾಹಕರು. ಎರಡನೇ ವರ್ಷ 38. ತಿಂಗಳಿಗೆ ಶೇ. 6 ಜನ ಬಿಟ್ಟು ಹೋಗುತ್ತಿದ್ದರು. ಮೂರು ತಿಂಗಳು ಹೊಸ ಫೀಚರ್ ಒಂದನ್ನೂ ಬರೆಯದೆ, ಬಿಟ್ಟು ಹೋದ ಪ್ರತಿಯೊಬ್ಬರಿಗೂ ಫೋನ್ ಮಾಡಿದೆ. ಅರ್ಧಕ್ಕರ್ಧ ಜನ ಕಾರ್ಡ್ ಅವಧಿ ಮುಗಿದು ಪಾವತಿ ನಿಂತವರು. ಅವರಿಗೆ ಬಿಡುವ ಮನಸ್ಸೇ ಇರಲಿಲ್ಲ! ಒಂದು ನೆನಪಿನ ಮೇಲ್ ಹಾಕಿದೆ, ಸೋರಿಕೆ ಶೇ. 3ಕ್ಕೆ ಇಳಿಯಿತು.

ಹೈಪ್ ರುಚಿಯೂ ನೋಡಿದ್ದೇನೆ. ಹೊಸ ಸಾಫ್ಟ್‌ವೇರ್ ಪರಿಚಯಿಸುವ ಜಾಲತಾಣ ಪ್ರಾಡಕ್ಟ್ ಹಂಟ್‌ನಲ್ಲಿ ಹಾಕಿದ ದಿನ 9,400 ಜನ ಬಂದರು. ಖಾತೆ ತೆರೆದವರು 212. ದುಡ್ಡು ಕೊಟ್ಟವರು 3. ಮುಂದಿನ ತಿಂಗಳು ಉಳಿದವರು ಒಬ್ಬರು. ಆ ಒಬ್ಬರು ಇವತ್ತಿಗೂ ಇದ್ದಾರೆ. ಅವರಿಂದ ಇನ್ನೂ ಆರು ಜನ ಬಂದರು. ಈಗ ಒಟ್ಟು 340.

ಇಮೇಲ್ ಮಾರ್ಕೆಟಿಂಗ್ ಕಂಪನಿ ಮೇಲ್‌ಚಿಂಪ್ 2001ರಲ್ಲಿ ಶುರುವಾಯಿತು. ಹೊರಗಿನ ಹೂಡಿಕೆ ತಗೊಳ್ಳದೆ 20 ವರ್ಷ ಬೆಳೆದು 2021ರಲ್ಲಿ ಇಂಟ್ಯೂಟ್‌ಗೆ ಸುಮಾರು 1,200 ಕೋಟಿ ಡಾಲರ್‌ಗೆ ಮಾರಾಟವಾಯಿತು. ಅದು ದಾರಿ.

ನೀಲಿಶಾಯಿ

ಷರತ್ತು ಓದಿದ್ದೆ ಸ್ವಾಮಿ. ಪ್ರಿಫರೆನ್ಸ್ ಇರುವುದು ಹೂಡಿಕೆದಾರರ ಒಪ್ಪಂದದಲ್ಲಿ. ನೌಕರನ ಕೈಗೆ ಕೊಡುವ ಕಾಗದದಲ್ಲಿ ಅದು ಇರುವುದೇ ಇಲ್ಲ. ಇನ್ನು ಮೇಲ್‌ಚಿಂಪ್. ಅಲ್ಲಿ ಕೆಲಸ ಮಾಡಿದವರಿಗೆ ಷೇರೇ ಇರಲಿಲ್ಲ, ಗೊತ್ತಾ? 1,200 ಕೋಟಿ ಡಾಲರ್ ಮಾರಾಟದಲ್ಲಿ ಪಾಲು ಸ್ಥಾಪಕರದ್ದು. ಇಲ್ಲಿ ಕೇಳುತ್ತಿರುವವರು ನೌಕರರಾಗಿ ಹೋಗುವವರು.

ಒಂಟಿಸಲಗ

ಅಲ್ಲಿ ನೌಕರರಿಗೆ ಲಾಭದಲ್ಲಿ ಪಾಲು ಕೊಡುತ್ತಿದ್ದರು. ನಿಮ್ಮ 0.00ಗಿಂತ ಅದು ಜಾಸ್ತಿ ಅಲ್ವಾ?

ನೀಲಿಶಾಯಿ

ಇದು ಗಾಯಕ್ಕೆ ಉಪ್ಪು ಹಚ್ಚುವ ಮಾತು. ನಿಮ್ಮ 340 ಗ್ರಾಹಕರ ಹತ್ತಿರವೂ ಹೀಗೇ ಮಾತಾಡುತ್ತೀರಾ?

ಹಗಲುದೀಪ

ನಾನು ಅಂಥದೇ ಒಂದು ಫಂಡಿಂಗ್ ಸುದ್ದಿಯ ಫೋಟೋದಲ್ಲಿ ಇದ್ದವಳು. ಅದಕ್ಕೇ ಬರೆಯುತ್ತಿದ್ದೇನೆ.

ಫೋಟೋ ತೆಗೆಯುವಾಗ ಜೇಬಿನಲ್ಲಿ ಫೋನ್ ಅದುರುತ್ತಲೇ ಇತ್ತು. ಡೇಟಾಬೇಸ್ ಬಿದ್ದಿತ್ತು. ತೆಗೆಯುವವರು ‘ಇನ್ನು ಸ್ವಲ್ಪ ನಗಿ ಮೇಡಂ’ ಅಂದರು. ನಕ್ಕೆ. ಅದೇ ನಗು ಎಲ್ಲ ಕಡೆ ಹೋಯಿತು. ಆ ಸುದ್ದಿ ಬರುವ ಹೊತ್ತಿಗೆ ದುಡ್ಡು ಬಂದು ಏಳು ತಿಂಗಳಾಗಿತ್ತು. 18 ತಿಂಗಳಿಗೆ ಅಂತ ಇಟ್ಟುಕೊಂಡಿದ್ದು ಇನ್ನು 8 ತಿಂಗಳಿಗೆ ಬರುವಷ್ಟೇ ಉಳಿದಿತ್ತು. ಹೊರಗಿನವರಿಗೆ ಅದು ಗೆದ್ದ ದಿನ. ನಮ್ಮ ಪಾಲಿಗೆ ಮುಂದಿನ ರೌಂಡ್‌ಗೆ ಬಾಗಿಲು ತಟ್ಟಬೇಕಾದ ದಿನ.

ಹೊಟ್ಟೆಕಿಚ್ಚು ನಮಗಿಲ್ಲ ಅಂದುಕೊಳ್ಳಬೇಡಿ. ಎದುರಾಳಿ ಕಂಪನಿ ನಮ್ಮ ಎರಡು ಪಟ್ಟು ಎತ್ತಿತು ಅಂತ ಓದಿದ ರಾತ್ರಿ ನಾನೂ ಮಲಗಲಿಲ್ಲ. ಮರುದಿನವೇ 12 ಹುದ್ದೆ ತೆರೆದೆ. ಬೇಕಿತ್ತಾ? ಬೇಕಿರಲಿಲ್ಲ. ಅವರ ಪುಟದಲ್ಲಿ 40 ಜನ ಕಾಣುತ್ತಿದ್ದರು, ನಮ್ಮದರಲ್ಲಿ 22. ಅಷ್ಟಕ್ಕೇ. 34 ಆದೆವು. ಹತ್ತು ತಿಂಗಳಿಗೆ 21 ಜನರನ್ನು ಕಳಿಸಿದೆ. ಒಬ್ಬೊಬ್ಬರಿಗೂ 15 ನಿಮಿಷ, ನಾನೇ ಕೂತು ಮಾತಾಡಿದೆ. ಬೆಳಿಗ್ಗೆ 9ಕ್ಕೆ ಶುರು, ಮಧ್ಯಾಹ್ನ ಎರಡೂಕಾಲಿಗೆ ಮುಗಿಯಿತು. ಹದಿನಾಲ್ಕನೆಯವರು ನನ್ನನ್ನೇ ಸಮಾಧಾನ ಮಾಡಿದರು.

ದುಡ್ಡು ಎತ್ತಿದ್ದನ್ನೇ ಗೆಲುವು ಅಂದುಕೊಂಡು ಹಾಳಾದವರು ಎಷ್ಟು ಜನ! ಕಲರ್ ಅನ್ನುವ ಫೋಟೋ ಆ್ಯಪ್ 2011ರಲ್ಲಿ, ಹೊರಗೆ ಬರುವ ಮೊದಲೇ, 4.1 ಕೋಟಿ ಡಾಲರ್ ಎತ್ತಿತ್ತು. 2012 ಮುಗಿಯುವಷ್ಟರಲ್ಲಿ ಇಲ್ಲ. ಕ್ವಿಬಿ ಅನ್ನುವ ವಿಡಿಯೋ ಆ್ಯಪ್ 175 ಕೋಟಿ ಡಾಲರ್ ಎತ್ತಿ 2020ರ ಏಪ್ರಿಲ್‌ನಲ್ಲಿ ಶುರುವಾಯಿತು, ಅಕ್ಟೋಬರ್‌ನಲ್ಲಿ ಮುಚ್ಚುತ್ತೇವೆ ಅಂದಿತು.

ನಮ್ಮದು ಅಷ್ಟು ದೊಡ್ಡದಲ್ಲ. ಆದರೆ ಎಲ್ಲರೂ ಮಾಡುತ್ತಿದ್ದಾರೆ ಅಂತ ಕೋಡನ್ನೆಲ್ಲ ಒಡೆದು 27 ಮೈಕ್ರೋಸರ್ವಿಸ್ (ಬೇರೆ ಬೇರೆಯಾಗಿ ಓಡುವ ಚಿಕ್ಕ ಪ್ರೋಗ್ರಾಂ) ಮಾಡಿದೆವು. ಇದ್ದ ಇಂಜಿನಿಯರುಗಳು ಆರು ಜನ. ಕ್ಲೌಡ್ ಬಿಲ್ ತಿಂಗಳಿಗೆ 3,100 ಡಾಲರ್ ಇದ್ದದ್ದು 11,800 ಆಯಿತು. ನಿಜವಾದ ತೊಂದರೆ ಇದ್ದದ್ದು ಇಂಡೆಕ್ಸ್ (ಬೇಗ ಹುಡುಕಲು ಬೇಕಾದ ಸೂಚಿ) ಇಲ್ಲದ ಒಂದು ಡೇಟಾಬೇಸ್ ಟೇಬಲ್‌ನಲ್ಲಿ.

ಸರ್ವರ್‌ರೂಮ್

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆರು ಜನಕ್ಕೆ 27 ಸರ್ವಿಸಾ? ಪ್ರತಿ ಸರ್ವಿಸ್‌ಗೂ ಲಾಗ್, ಡಿಪ್ಲಾಯ್, ರಾತ್ರಿ ಪಾಳಿ, ಎಲ್ಲ ಬೇರೆ ಬೇರೆ. 2012ರಲ್ಲಿ ಇನ್‌ಸ್ಟಾಗ್ರಾಮನ್ನು ಫೇಸ್‌ಬುಕ್ 100 ಕೋಟಿ ಡಾಲರ್‌ಗೆ ಕೊಳ್ಳಲು ಒಪ್ಪಿದಾಗ ಅಲ್ಲಿದ್ದದ್ದು 13 ಜನ. ಮುಖ್ಯವಾಗಿ ಬಳಸಿದ್ದು ಜಾಂಗೋ ಅನ್ನುವ ವೆಬ್ ಚೌಕಟ್ಟು, ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್. ಅಮೆಜಾನ್ ಪ್ರೈಮ್ ವಿಡಿಯೋದವರೇ 2023ರಲ್ಲಿ ಒಡೆದದ್ದನ್ನು ಮತ್ತೆ ಒಟ್ಟು ಮಾಡಿ ಖರ್ಚು ಶೇ. 90 ಇಳಿಸಿದರು.

ಹಗಲುದೀಪ

ಅದು ಇಡೀ ಪ್ರೈಮ್ ವಿಡಿಯೋ ಅಲ್ಲ ಸಾರ್. ವಿಡಿಯೋ ಗುಣಮಟ್ಟ ನೋಡುವ ಒಂದು ಒಳಗಿನ ಉಪಕರಣ. ತಲೆಬರಹ ಓದಿ ಹಂಚಬೇಡಿ. ನನ್ನ ತಪ್ಪು ನಾನೇ ಒಪ್ಪಿಕೊಂಡಿದ್ದೇನೆ. ಅದನ್ನೇ ಹಿಡಿದು ಪಾಠ ಹೇಳುವುದು ಬೇಡ.

ಸರ್ವರ್‌ರೂಮ್

ಶೇ. 90 ಅನ್ನುವ ಅಂಕಿ ಸುಳ್ಳಲ್ಲವಲ್ಲ. ಇಂಥ 27ನ್ನು ಬಿಚ್ಚಿ ಜೋಡಿಸಲು ಕೊನೆಗೆ ಕರೆಯುವುದು ನಮ್ಮಂಥವರನ್ನು. ನಾಲ್ಕು ಕಂಪನಿಯಲ್ಲಿ ಮಾಡಿದ್ದೇನೆ. ಬರೆದವರಿಗೆ ಸಮ್ಮೇಳನದಲ್ಲಿ ವೇದಿಕೆ, ಬಿಚ್ಚಿದವನ ಹೆಸರು ಯಾರಿಗೂ ಗೊತ್ತಿಲ್ಲ.

ಉಳಿದವ

ನಾನು ಹೋಗಲಿಲ್ಲ. ಅದನ್ನೂ ಯಾರಾದರೂ ಬರೆಯಬೇಕಲ್ಲ.

ಒಂಬತ್ತು ವರ್ಷದ ಹಿಂದೆ ಏಳನೇ ಇಂಜಿನಿಯರ್ ಆಗಿ ಬಾ ಅಂತ ಕರೆದಿದ್ದರು. ಮನೆ ಸಾಲ ಇತ್ತು, ಮಗು ಹುಟ್ಟಿ ಎರಡು ತಿಂಗಳು. ಬೇಡ ಅಂದೆ. ನನ್ನ ಜಾಗಕ್ಕೆ ಬಂದವನು ಈಗ ಕೆಲಸ ಮಾಡುವ ಅಗತ್ಯವೇ ಇಲ್ಲದ ಸ್ಥಿತಿಯಲ್ಲಿದ್ದಾನೆ. ಆ ಕಂಪನಿ ಷೇರು ಪೇಟೆಗೆ ಬಂದ ದಿನ ಸ್ಪ್ರೆಡ್‌ಶೀಟ್‌ನಲ್ಲಿ ನನಗೆ ಸಿಗಬೇಕಿದ್ದ ಷೇರು, ಆ ದಿನದ ಬೆಲೆ ಹಾಕಿ ನೋಡಿದೆ. ಅದು ಇನ್ನೂ ನನ್ನ ಲ್ಯಾಪ್‌ಟಾಪ್‌ನಲ್ಲಿದೆ. ಸಾಲ ಪೂರ್ತಿ ತೀರಿಸಿ, ಮತ್ತೆ ನಾಲ್ಕು ಸಲ ತೀರಿಸುವಷ್ಟು.

ಕರೆದ ಗೆಳೆಯನಿಗೆ ಅವತ್ತು ‘ತುಂಬಾ ಖುಷಿಯಾಯ್ತು ಕಣೋ’ ಅಂತ ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಟೈಪ್ ಮಾಡಿದೆ. ಮೂರು ಸಲ. ಕಳಿಸಲಿಲ್ಲ. ದುಡ್ಡಿಗಿಂತ ಅದೇ ಜಾಸ್ತಿ ಚುಚ್ಚುತ್ತದೆ.

ಒಂಟಿಸಲಗ

ಆ ಫೈಲ್ ಅಳಿಸಿ ಮಾರಾಯ್ರೆ. ಅಂಥದ್ದೇ ಇನ್ನೂ ನೂರು ಕಂಪನಿ ಮುಚ್ಚಿವೆ, ಅವುಗಳ ಲೆಕ್ಕ ಯಾಕೆ ಹಾಕಲಿಲ್ಲ?

ಉಳಿದವ

ಆ ನೂರು ಕಂಪನಿ ನನ್ನನ್ನು ಕರೆದಿರಲಿಲ್ಲ.

ಅರ್ಧಮನಸ್ಸು

ಎಲ್ಲರಿಗೂ ಧನ್ಯವಾದ. ಗೆಳೆಯನಿಗೆ ಎರಡೇ ಪ್ರಶ್ನೆ ಕಳಿಸಿದೆ. ಒಟ್ಟು ಷೇರು ಎಷ್ಟು, ಸುದ್ದಿಯಲ್ಲಿ ಬಂದ ದುಡ್ಡು ಯಾವ ತಿಂಗಳು ಖಾತೆಗೆ ಬಂತು. ‘ನಮ್ಮಿಬ್ಬರ ಮಧ್ಯೆ ಇದೆಲ್ಲ ಯಾಕೆ, ಬಂದ ಮೇಲೆ ಹೇಳ್ತೀನಿ’ ಅಂದ.

ನೀಲಿಶಾಯಿ

ನನಗೂ ಇದೇ ಮಾತು ಹೇಳಿದ್ದರು. ಬಿಟ್ಟ ಮೇಲೆ ಷೇರು ತಗೊಳ್ಳಲು ಎಷ್ಟು ದಿನ ಅಂತಲೂ ಕೇಳಿ. ಕೆಲವು ಕಂಪನಿಗಳು ವರ್ಷಗಟ್ಟಲೆ ಕೊಡುತ್ತವೆ. 90 ಅಂದರೆ ಈಗಲೇ ಜಗಳ ಮಾಡಿ, ಸಹಿ ಹಾಕಿದ ಮೇಲೆ ಯಾರೂ ಬದಲಾಯಿಸುವುದಿಲ್ಲ. ಎಲ್ಲ ಮೇಲ್‌ನಲ್ಲಿ ತಗೊಳ್ಳಿ, ಬಾಯಿಮಾತಲ್ಲಿ ಬೇಡ.